ಹುಳುಮನೆಯ ವಿದ್ಯೆಗೂ ಅಂಕ ಬೇಕು

ಚೆನ್ನಾಗಿ ಮೇಯ್ದ ಹುಳು ಕಟ್ಟಿದ ಒಂದು ದ್ವಿತಳಿ ರೇಷ್ಮೆಗೂಡು ಎರಡು ಗ್ರಾಮಿಗೆ ತುಸು ಕಡಿಮೆ ತೂಗುತ್ತದೆ, 1.9 ಗ್ರಾಂ ಎಂದಿಟ್ಟುಕೊಳ್ಳಿ. ಅದರಿಂದ ಬಿಚ್ಚಿ ಬರುವ ಎಳೆ ಹೆಚ್ಚುಕಡಿಮೆ 1000 ಮೀಟರ್ ಉದ್ದ. ಎಳೆಯ ದಪ್ಪವನ್ನು ನೂಲಿನವರು ಡೆನಿಯರ್ ಲೆಕ್ಕದಲ್ಲಿ ಹೇಳುತ್ತಾರೆ: 9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಎಳೆ 2.7 ಡೆನಿಯರ್ ಇದ್ದರೆ 1000 ಮೀಟರಿನ ತೂಕ 0.3 ಗ್ರಾಂ. ಅಂದರೆ 1.9 ಗ್ರಾಂ ಗೂಡಿನಿಂದ ಸಿಗುವ ನೂಲು 0.3 ಗ್ರಾಂ. ಒಂದು ಕಿಲೋ ನೂಲು ತೆಗೆಯಲು ಆರು ಕಿಲೋಗಿಂತ ಸ್ವಲ್ಪ ಹೆಚ್ಚು ಗೂಡು ಬೇಕು. ಇದನ್ನೇ ನೂಲು ಬಿಚ್ಚುವ ರೀಲರುಗಳು ರೆಂಡಿಟ್ಟಾ ಎನ್ನುವುದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಒಂದು ಲಾಟಿನ ಮುಂದೆ ನಿಂತ ರೀಲರು ಒಂದು ಹಿಡಿ ಗೂಡು ತೆಗೆದು, ಒತ್ತಿ ನೋಡಿ, ಕಿವಿಯ ಹತ್ತಿರ ಅಲುಗಾಡಿಸಿ, ಮನಸ್ಸಿನಲ್ಲೇ ಈ ಲೆಕ್ಕ ಮುಗಿಸಿ ಬೆಲೆ ಕೂಗುತ್ತಾನೆ. ಆ ಲೆಕ್ಕದ ಮೇಲೆ ಒಂದು ಕುಟುಂಬದ ಒಂದು ತಿಂಗಳ ದುಡಿಮೆಯ ಬೆಲೆ ನಿಲ್ಲುತ್ತದೆ.

ಇದರಲ್ಲಿರುವ ಗಣಿತ ಏಳನೇ ತರಗತಿಯದು. ಅನುಪಾತ, ದಶಮಾಂಶ, ಏಕಮಾನ, ಅಷ್ಟೇ. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಂಥ ಊರಿನಲ್ಲಿ ಏಳನೇ ತರಗತಿಯ ಮಕ್ಕಳು ಅನುಪಾತ ಕಲಿಯುವುದು ಮಾತ್ರ ತಾವೆಂದೂ ಹತ್ತದ ರೈಲಿನ ವೇಗದಿಂದ, ತಾವೆಂದೂ ಕಾಣದ ತೊಟ್ಟಿಗೆ ನೀರು ತುಂಬುವ ಎರಡು ನಲ್ಲಿಗಳಿಂದ. ಶಾಲೆಯ ಕಾಂಪೌಂಡಿನ ಆಚೆ ಹಿಪ್ಪುನೇರಳೆ ತೋಟವಿದೆ. ತೋಟದ ಬದಿಯಲ್ಲಿ ಹುಳುಮನೆಯಿದೆ. ಅಲ್ಲಿ ತಕ್ಕಡಿ, ಉಷ್ಣಮಾಪಕ, ಸುಣ್ಣ, ಬ್ಲೀಚಿಂಗ್ ಪೌಡರ್ ಎಲ್ಲವೂ ಇವೆ. ಕಾಂಪೌಂಡು ದಾಟಿ ಒಳಗೆ ಬರಲು ಅವಕ್ಕೆ ಅನುಮತಿ ಇಲ್ಲ.

ಶಾಲೆಯಲ್ಲಿ ಕೈಕಸುಬು ಕಲಿಸಬೇಕೆನ್ನುವವರು ಸಾಮಾನ್ಯವಾಗಿ ಕೊಡುವ ಕಾರಣ ಉದ್ಯೋಗ. ಓದು ಹತ್ತದವನಿಗೆ ಒಂದು ಕೆಲಸವಾದರೂ ಗೊತ್ತಿರಲಿ, ನಾಳೆ ಹೊಟ್ಟೆಪಾಡಿಗಾಗುತ್ತದೆ ಎಂಬ ಕರುಣೆಯ ಮಾತು ಅದು. ನನಗೆ ಆ ಕಾರಣ ಒಪ್ಪಿಗೆಯಿಲ್ಲ. ಅಷ್ಟೇ ಅಲ್ಲ, ನಮ್ಮಲ್ಲಿ ಕಸುಬಿನ ಶಿಕ್ಷಣ ಪ್ರತಿ ಸಲ ಸೋತಿರುವುದಕ್ಕೆ ಆ ಕರುಣೆಯೇ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ. ಕೈಯಿಂದ ಮಾಡುವ ಕೆಲಸ ಶಾಲೆಯೊಳಗೆ ಇರಬೇಕಾದ್ದು ಅದರಲ್ಲಿ ವಿದ್ಯೆ ಇರುವುದರಿಂದ. ವಿಜ್ಞಾನ, ಗಣಿತ, ತಾಳ್ಮೆ, ತಪ್ಪನ್ನು ಕಣ್ಣೆದುರೇ ಕಂಡು ತಿದ್ದಿಕೊಳ್ಳುವ ಅಭ್ಯಾಸ, ಇವನ್ನು ಅದು ಪುಸ್ತಕಕ್ಕಿಂತ ಗಟ್ಟಿಯಾಗಿ ಕಲಿಸುತ್ತದೆ. ಹಾಗಿದ್ದ ಮೇಲೆ ಅದು ಎಲ್ಲ ಮಕ್ಕಳಿಗೂ ಬೇಕು. ಮೊದಲ ರ‍್ಯಾಂಕಿನವರಿಗೂ ಬೇಕು.

ಸಾದಲಿ, ದಿಬ್ಬೂರಹಳ್ಳಿ, ತಲಕಾಯಲಬೆಟ್ಟದ ಕಡೆಯ ಹಳ್ಳಿಗಳನ್ನು ನೋಡಿದವರಿಗೆ ಆ ಸೀಮೆ ಎಂಥದೆಂದು ಗೊತ್ತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ವರ್ಷವಿಡೀ ಹರಿಯುವ ಹೊಳೆಯಿಲ್ಲ, ಕಾಲುವೆಯಿಲ್ಲ, ಕೊಳವೆಬಾವಿ ಸಾವಿರ ಅಡಿ ದಾಟಿ ಹೋಗಿದೆ. ಈಚಿನ ವರ್ಷಗಳಲ್ಲಿ ಹೆಬ್ಬಾಳ–ನಾಗವಾರ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಚಿಕ್ಕಬಳ್ಳಾಪುರ ಜಿಲ್ಲೆಯ ಕೆಲವು ಕೆರೆಗಳಿಗೆ ಬಂದಿದೆ, ಆ ನೀರಿನ ಗುಣದ ಬಗ್ಗೆ ತಕರಾರೂ ಅದರ ಜೊತೆಗೇ ಬಂದಿದೆ. ಇಷ್ಟು ಕಷ್ಟದ ನೀರಿನಲ್ಲಿ ಡ್ರಿಪ್ ಹಾಕಿ, ಒಂದೊಂದು ಎಕರೆ ಸೊಪ್ಪು ಬೆಳೆದು, ವರ್ಷಕ್ಕೆ ಐದಾರು ಬೆಳೆ ಗೂಡು ತೆಗೆಯುವ ಜನ ಇವರು. ಗೂಡು ಹೋಗುವುದು ಶಿಡ್ಲಘಟ್ಟಕ್ಕೆ. ರಾಮನಗರ ಬಿಟ್ಟರೆ ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆ ಅದೇ.

ಈ ಮನೆಗಳ ಮಕ್ಕಳಿಗೆ ಏನು ಗೊತ್ತಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ನೂರು ಮೊಟ್ಟೆ ಮೇಯಿಸುತ್ತಿದ್ದೇವೆ ಎಂದರೆ ನೂರು ತಾಯಿಚಿಟ್ಟೆಗಳು ಇಟ್ಟ ಮೊಟ್ಟೆ. ಹುಳುವಿನ ಲೆಕ್ಕದಲ್ಲಿ ನಲವತ್ತರಿಂದ ಐವತ್ತು ಸಾವಿರ. ಮೊಟ್ಟೆಯಿಂದ ಹೊರಬಂದ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಹಳೆಯ ಚರ್ಮ ಬಿಡುತ್ತದೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿ ಅಲುಗಾಡದೆ ನಿಲ್ಲುತ್ತದೆ, ಮೈ ಮಿರುಗುತ್ತದೆ. ಆಗ ಸೊಪ್ಪು ಹಾಕಬಾರದು. ಹಾಸಿಗೆ ಒಣಗಲು ಸುಣ್ಣದ ಪುಡಿ ಎರಚಬೇಕು, ಗಾಳಿಯಾಡಬೇಕು. ಕೆಲವು ಹುಳು ಬೇಗ ಏಳುತ್ತವೆ. ಅವಕ್ಕೆ ಹಸಿವಾಗಿದೆ ಎಂದು ಕನಿಕರದಿಂದ ಸೊಪ್ಪು ಹಾಕಿದರೆ ಬೆಳೆ ಕೆಟ್ಟಿತು. ತಡವಾಗಿ ಏಳುವವು ಹಿಂದೆ ಬೀಳುತ್ತವೆ, ಹಣ್ಣಾಗುವ ಹೊತ್ತಿಗೆ ಗೂಡು ಕಟ್ಟುವ ಚಂದ್ರಿಕೆಯ ಮೇಲೆ ಅರ್ಧ ಹುಳು, ಹಾಸಿಗೆಯಲ್ಲಿ ಅರ್ಧ ಹುಳು. ನೂರಕ್ಕೆ ತೊಂಬತ್ತೈದು ಎದ್ದ ಮೇಲೆಯೇ ಮೊದಲ ಸೊಪ್ಪು. ಹತ್ತು ವರ್ಷದ ಹುಡುಗಿ ಹಾಸಿಗೆಯ ಮೇಲೆ ಬಗ್ಗಿ ನೋಡಿ, “ಇನ್ನೂ ಎದ್ದಿಲ್ಲ ಅಮ್ಮ, ಸಾಯಂಕಾಲ ಹಾಕೋಣ” ಎನ್ನುತ್ತಾಳೆ. ಮಾದರಿ ನೋಡಿ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುವುದನ್ನು ಸಂಖ್ಯಾಶಾಸ್ತ್ರ ಎಂದು ಕಾಲೇಜಿನಲ್ಲಿ ಕಲಿಸುತ್ತೇವೆ. ಆ ಹುಡುಗಿ ಅದನ್ನು ಆಗಲೇ ಮಾಡುತ್ತಿದ್ದಾಳೆ, ತಾನು ಮಾಡುತ್ತಿರುವುದು ವಿದ್ಯೆ ಎಂದು ಯಾರೂ ಅವಳಿಗೆ ಹೇಳಿಲ್ಲ. ತರಗತಿಯಲ್ಲಿ ಶೇಕಡಾವಾರು ಲೆಕ್ಕ ತಪ್ಪಿದಾಗ ಅವಳಿಗೆ ಸಿಗುವ ಬಿರುದು ದಡ್ಡಿ.

ಹೀಗೆ ಒಂದು ಮಗು ಎರಡಾಗಿ ಒಡೆಯುತ್ತದೆ. ಮನೆಯಲ್ಲಿ ಜಾಣೆ, ಶಾಲೆಯಲ್ಲಿ ದಡ್ಡಿ. ನಾನು ಕಸುಬಿನ ತರಗತಿಯ ಪರವಾಗಿ ಮಾತಾಡುವುದಕ್ಕೆ ಮೊದಲ ಕಾರಣ ಈ ಅನ್ಯಾಯ. ಎರಡನೆಯದು, ಆ ಹುಡುಗಿಯ ಅರಿವೂ ಅರ್ಧದಲ್ಲೇ ನಿಂತಿದೆ ಎಂಬುದು. ಜ್ವರದಲ್ಲಿ ಸುಣ್ಣ ಹಾಕಬೇಕೆಂದು ಅವಳಿಗೆ ಗೊತ್ತು. ಸುಣ್ಣ ಏಕೆ ತೇವ ಹೀರುತ್ತದೆ, ಅದರ ಕ್ಷಾರ ರೋಗಾಣುವಿಗೆ ಏನು ಮಾಡುತ್ತದೆ ಎಂಬುದು ಗೊತ್ತಿಲ್ಲ. ಬಿಸಿಲುಗಾಲದಲ್ಲಿ ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟುವುದು ಗೊತ್ತು. ನೀರು ಆವಿಯಾಗುವಾಗ ಶಾಖ ಎಲ್ಲಿಂದ ತೆಗೆದುಕೊಳ್ಳುತ್ತದೆ ಎಂಬುದು ಗೊತ್ತಿಲ್ಲ. ಅದನ್ನು ಹೇಳಬೇಕಾದ ವಿಜ್ಞಾನದ ಮೇಷ್ಟ್ರು ಅದೇ ವಾರ ಆವೀಕರಣದ ಪಾಠವನ್ನು ಕಪ್ಪುಹಲಗೆಯ ಮೇಲೆ ಬರೆದಿರುತ್ತಾರೆ. ಎರಡು ಅರ್ಧಗಳೂ ಒಂದೇ ಊರಿನಲ್ಲಿವೆ. ಅವನ್ನು ಕೂಡಿಸುವುದು ಶಾಲೆಯ ಕೆಲಸ.

ರೇಷ್ಮೆಯ ಕಸುಬಿನಲ್ಲಿ ಎಷ್ಟು ವಿಜ್ಞಾನ ಅಡಗಿದೆ ಎಂಬುದಕ್ಕೆ ಲೂಯಿ ಪಾಶ್ಚರನ ಕತೆಗಿಂತ ಒಳ್ಳೆಯ ಸಾಕ್ಷಿ ಬೇಡ. 1865ರಲ್ಲಿ ದಕ್ಷಿಣ ಫ್ರಾನ್ಸಿನ ಅಲೆಸ್ ಎಂಬ ಊರಿಗೆ ಅವನು ಹೋದಾಗ ಅಲ್ಲಿನ ರೇಷ್ಮೆ ಬೆಳೆಗಾರರು ದಿವಾಳಿಯ ಅಂಚಿನಲ್ಲಿದ್ದರು. ನಮ್ಮವರು ಗಂಟುರೋಗ ಎನ್ನುವ ಪೆಬ್ರಿನ್ ಊರೂರನ್ನೇ ಹಾಳು ಮಾಡಿತ್ತು. ಪಾಶ್ಚರ್ ರಸಾಯನಶಾಸ್ತ್ರಜ್ಞ, ಅದುವರೆಗೆ ರೇಷ್ಮೆಹುಳುವನ್ನು ಕೈಯಲ್ಲಿ ಹಿಡಿದವನಲ್ಲ. ಐದು ವರ್ಷ ಹೋಗಿ ಬಂದು ಹೆಂಡತಿ, ಶಿಷ್ಯರೊಂದಿಗೆ ತಾನೇ ಹುಳು ಸಾಕಿದ, ಸೊಪ್ಪು ಹಾಕಿದ, ಸತ್ತ ಹುಳುಗಳನ್ನು ಸೀಳಿ ನೋಡಿದ. ಕೊನೆಗೆ ಕಂಡುಕೊಂಡ ಉಪಾಯ ಸರಳ. ಪ್ರತಿ ತಾಯಿಚಿಟ್ಟೆಯೂ ಬೇರೆಬೇರೆಯಾಗಿ ಮೊಟ್ಟೆ ಇಡಲಿ. ಆಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡಿ. ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ತಾಯಿಚಿಟ್ಟೆಯ ಪರೀಕ್ಷೆ ನಡೆಯುವುದು ಇದೇ ತತ್ವದ ಮೇಲೆ. ರೋಗಕ್ಕೆ ಕಣ್ಣಿಗೆ ಕಾಣದ ಜೀವಿ ಕಾರಣವಾಗಬಹುದು ಎಂಬ ನಂಬಿಕೆ ಪಾಶ್ಚರನಲ್ಲಿ ಗಟ್ಟಿಯಾದದ್ದು ಹುಳುಮನೆಯಲ್ಲಿ. ಮನುಷ್ಯರ ಲಸಿಕೆಗಳ ಕೆಲಸ ಆಮೇಲಿನದು.

ಎಷ್ಟೋ ಸರ್ಕಾರಿ ಪ್ರೌಢಶಾಲೆಗಳ ಬೀರುವಿನಲ್ಲಿ ಒಂದು ಸೂಕ್ಷ್ಮದರ್ಶಕವಿರುತ್ತದೆ. ಒಡೆದರೆ ಯಾರು ಜವಾಬ್ದಾರಿ ಎಂಬ ಭಯಕ್ಕೆ ಬೀಗ ಹಾಕಿಟ್ಟಿರುತ್ತಾರೆ. ಅದನ್ನು ಹೊರತೆಗೆದು ಸಪ್ಪೆರೋಗ ಬಂದ ಹುಳು, ಹಾಲುತೊಂಡೆ ಬಂದ ಹುಳು, ಸುಣ್ಣಕಟ್ಟು ಬಂದ ಹುಳು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿಸಿದರೆ ಬ್ಯಾಕ್ಟೀರಿಯ, ವೈರಸ್, ಶಿಲೀಂಧ್ರಗಳ ವ್ಯತ್ಯಾಸ ಮಕ್ಕಳಿಗೆ ಜನ್ಮದಲ್ಲಿ ಮರೆಯುವುದಿಲ್ಲ. ಶಿಲೀಂಧ್ರ ಬಿಳಿಯ ದಾರವಾಗಿ ಹರಡಿರುವುದು ಕಾಣುತ್ತದೆ. ಹಾಲುತೊಂಡೆಯ ವೈರಸ್ ಮಾತ್ರ ಆ ಯಂತ್ರಕ್ಕೆ ಸಿಗುವುದಿಲ್ಲ, ಅದು ಅಡಗಿ ಕೂತ ಹರಳುಗಳಷ್ಟೇ ಕಾಣುತ್ತವೆ. ಏಕೆ ಸಿಗುವುದಿಲ್ಲ ಎಂದು ಒಂದು ಮಗು ಕೇಳಿದರೆ ಆ ದಿನದ ಪಾಠ ಸಾರ್ಥಕ. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿ ಭೌತಶಾಸ್ತ್ರದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ಕಟ್ಟಿಸಿದ ಎಚ್. ನರಸಿಂಹಯ್ಯನವರು ಬಾಳಿಡೀ ಹೇಳಿದ್ದು ಪ್ರಶ್ನೆ ಕೇಳಿ ಎಂದು. ಕೇಳುವ ಧೈರ್ಯ ಮಕ್ಕಳಿಗೆ ಬರುವುದು ಕೈಗೆ ಸಿಕ್ಕ ವಸ್ತುವಿನಿಂದ. ಹುಳು ಮೇಷ್ಟ್ರ ಮಾತನ್ನೂ ಪುಸ್ತಕದ ಮಾತನ್ನೂ ಸುಳ್ಳು ಮಾಡಬಲ್ಲದು. ಮಗು ಅದನ್ನು ಕಣ್ಣಾರೆ ಕಂಡಾಗ ಯಾರ ಮಾತನ್ನಾದರೂ ಪರೀಕ್ಷಿಸಬಹುದು ಎಂಬುದು ಅದಕ್ಕೆ ಗೊತ್ತಾಗುತ್ತದೆ.

ಇದು ಹೊಸ ವಿಚಾರವೇನಲ್ಲ. ಈ ಜಿಲ್ಲೆಯ ಮಣ್ಣಿಗೆ ಎರಡು ದೊಡ್ಡ ನಂಟುಗಳಿವೆ, ಎರಡರಿಂದಲೂ ಕಲಿಯುವುದಿದೆ. ಮೊದಲನೆಯದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರದು. 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಅವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ತಂದರು, ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಸಿದರು, ಎಂಜಿನಿಯರಿಂಗ್ ಕಾಲೇಜು ಕಟ್ಟಿಸಿದರು, ರೇಷ್ಮೆ ಸುಧಾರಣೆಗೆ ಹೊರದೇಶಗಳಿಂದ ತಜ್ಞರನ್ನು ಕರೆಸಿದರು. ಆಮೇಲೂ ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟಿನ ಹಿಂದೆ ಅವರ ಶ್ರಮವಿತ್ತು. ಅಷ್ಟೆಲ್ಲ ದೊಡ್ಡ ಕೆಲಸದಲ್ಲೂ ಒಂದು ಕೊರತೆ ಉಳಿಯಿತೆಂದು ನನಗನ್ನಿಸುತ್ತದೆ. ಕಸುಬಿಗೆ ಒಂದು ಬಾಗಿಲು, ಓದಿಗೆ ಇನ್ನೊಂದು ಬಾಗಿಲು ಎಂಬ ಏರ್ಪಾಡು ಆಗ ನೆಲೆಗೊಂಡದ್ದು ಇವತ್ತಿಗೂ ಹಾಗೇ ಇದೆ. ಐಟಿಐ ಒಂದು ಕಡೆ, ಪ್ರೌಢಶಾಲೆ ಇನ್ನೊಂದು ಕಡೆ. ನಡುವೆ ಕಿಟಕಿಯೂ ಇಲ್ಲ.

ಎರಡನೆಯ ನಂಟು ಗಾಂಧೀಜಿಯದು. 1927ರಲ್ಲಿ ಆರೋಗ್ಯ ಕೆಟ್ಟು ಅವರು ನಂದಿಬೆಟ್ಟದಲ್ಲಿ ವಾರಗಟ್ಟಲೆ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೆ ಬಂದರು. ಮರುವರ್ಷ, 1937ರ ಅಕ್ಟೋಬರಿನಲ್ಲಿ, ವಾರ್ಧಾದ ಶಿಕ್ಷಣ ಸಮ್ಮೇಳನದಲ್ಲಿ ಅವರು ಮುಂದಿಟ್ಟದ್ದು ಕಸುಬನ್ನು ಶಿಕ್ಷಣದ ಪಕ್ಕಕ್ಕಿಡದೆ ಅದರ ನಡುಮಧ್ಯಕ್ಕೆ ತರುವ ವಿಚಾರ. ಜಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮ ಬರೆಯಿತು: ಐದೂವರೆ ಗಂಟೆಯ ಶಾಲೆಯಲ್ಲಿ 3 ಗಂಟೆ 20 ನಿಮಿಷ ಕಸುಬು, ಉಳಿದ ವಿಷಯಗಳು ಆದಷ್ಟೂ ಅದರ ಮೂಲಕವೇ. ಮೂಲಶಿಕ್ಷಣ ಎಂದು ನಾವು ಕರೆದದ್ದು ಅದನ್ನೇ. ಅದರಲ್ಲೊಂದು ಅಪಾಯವಿತ್ತು. ಮಕ್ಕಳು ಮಾಡಿದ ವಸ್ತುಗಳನ್ನು ಮಾರಿ ಮೇಷ್ಟ್ರ ಸಂಬಳ ಹೊರಡಬೇಕು, ಶಾಲೆ ತನ್ನ ಕಾಲಮೇಲೆ ನಿಲ್ಲಬೇಕು ಎಂದು ಗಾಂಧೀಜಿ ಬಯಸಿದ್ದರು. ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ಆ ಸಮ್ಮೇಳನದಲ್ಲೇ ಇದನ್ನು ವಿರೋಧಿಸಿದರು. ಅವರ ವಿರೋಧ ಸರಿಯೆಂದೇ ನನ್ನ ಅಭಿಪ್ರಾಯ. ಮಗು ನೂತ ನೂಲಿನಿಂದ ಮೇಷ್ಟ್ರ ಸಂಬಳ ಬರಬೇಕಾದರೆ ಮೇಷ್ಟ್ರ ಕಣ್ಣು ಮಗುವಿನ ಮೇಲಿರುವುದಿಲ್ಲ, ನೂಲಿನ ಮೇಲಿರುತ್ತದೆ. ಎಳೆ ತುಂಡಾದಾಗ ಏಕೆ ತುಂಡಾಯಿತು ಎಂದು ನಿಂತು ನೋಡುವ ಬಿಡುವು ಇರಬೇಕಾದರೆ ನಷ್ಟವನ್ನು ಸರ್ಕಾರ ಹೊರಬೇಕು.

ಸ್ವಾತಂತ್ರ್ಯ ಬಂದ ಮೇಲಿನ ಕತೆ ಬೇಗ ಹೇಳಿ ಮುಗಿಸಬಹುದು. 1964–66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದಿತು. ಶಾಲೆಯಲ್ಲಿ ಎರಡೂ ಬಹುಮಟ್ಟಿಗೆ ಒಂದೇ ರೂಪ ತಾಳಿದವು: ಶನಿವಾರದ ಕೊನೆಯ ಪಿರಿಯಡ್, ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು. ಹೊಲಿಗೆ ಟೀಚರು, ಕ್ರಾಫ್ಟ್ ಮೇಷ್ಟ್ರು ಎಂದು ಇದ್ದವರು ನಿವೃತ್ತರಾದ ಮೇಲೆ ಎಷ್ಟೋ ಶಾಲೆಗಳಲ್ಲಿ ಆ ಜಾಗಕ್ಕೆ ಮತ್ತೊಬ್ಬರು ಬರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ನಮ್ಮ ರಾಜ್ಯದಲ್ಲಿ ಜೆಒಸಿ ಎಂಬ ಉದ್ಯೋಗಾಧಾರಿತ ಕೋರ್ಸು ಇತ್ತು. ರೇಷ್ಮೆ ಕೃಷಿಯೂ ಅದರಲ್ಲೊಂದು ವಿಷಯವಾಗಿತ್ತು. ಪಿಯುಸಿಯಲ್ಲಿ ಸೀಟು ಸಿಗದವರು ಸೇರುವ ಕೋರ್ಸು ಎಂದು ಅದಕ್ಕೆ ಹೆಸರು ಬಿತ್ತು, 2010ರ ಆಸುಪಾಸಿನಲ್ಲಿ ಅದೂ ಮುಚ್ಚಿಹೋಯಿತು. ಈಗ ಆಯ್ದ ಕೆಲವು ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಹೆಸರಿನಲ್ಲಿ ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ರಿಟೇಲ್, ಬ್ಯೂಟಿ ಮತ್ತು ವೆಲ್‌ನೆಸ್‌ನಂಥ ವಿಷಯಗಳಿವೆ. ತೃತೀಯ ಭಾಷೆಯ ಬದಲಿಗೆ ತೆಗೆದುಕೊಳ್ಳಬಹುದು. ಇರುವುದು ಇಲ್ಲದ್ದಕ್ಕಿಂತ ಒಳ್ಳೆಯದು. ಆದರೂ ಗುತ್ತಿಗೆಯ ಮೇಲೆ ಬಂದ ತರಬೇತುದಾರರು ಅಚ್ಚಾದ ಕೈಪಿಡಿ ನೋಡಿ ರಿಟೇಲ್ ಪಾಠ ಮಾಡುವುದರಲ್ಲಿ ಕೈಗೆ ಕೆಲಸವೆಲ್ಲಿದೆ? ಸುತ್ತಲಿನ ಊರಿನಲ್ಲಿ ಅದಕ್ಕೆ ಬೇರು ಎಲ್ಲಿದೆ?

ಇಷ್ಟೂ ಪ್ರಯತ್ನಗಳಿಗೆ ಒಂದೇ ರೋಗ. ಮೂರು ಗಂಟೆಯ ಪರೀಕ್ಷೆಗೆ ಬೇಕಾದ್ದು ವಿದ್ಯೆ, ಉಳಿದದ್ದು ಹೆಚ್ಚುವರಿ ಎಂದು ಶಾಲೆ ನಂಬಿದೆ. ಹೆಚ್ಚುವರಿಯಾದದ್ದನ್ನು ಮೊದಲು ಬಡವರಿಗೆ ಬಿಡುತ್ತೇವೆ, ಆಮೇಲೆ ನಿಲ್ಲಿಸುತ್ತೇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ದುಃಸ್ಥಿತಿಯನ್ನು ಅಂಕಿಗಳಲ್ಲೇ ಒಪ್ಪಿಕೊಂಡಿದೆ: 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಔಪಚಾರಿಕ ವೃತ್ತಿಶಿಕ್ಷಣ ಪಡೆದವರು ಭಾರತದಲ್ಲಿ ಶೇ 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96. 2025ರೊಳಗೆ ಅರ್ಧದಷ್ಟು ವಿದ್ಯಾರ್ಥಿಗಳಿಗಾದರೂ ಕಸುಬಿನ ಪರಿಚಯವಾಗಬೇಕು ಎಂದು ಅದು ಹಾಕಿಕೊಂಡ ಗಡುವು ಮುಗಿದಿದೆ. ಕರ್ನಾಟಕ ಆ ನೀತಿಯನ್ನು ಕೈಬಿಟ್ಟು ಸುಖದೇವ್ ಥೋರಟ್ ನೇತೃತ್ವದ ಆಯೋಗ ರಚಿಸಿತು. ಅದು 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿದೆ. ಯಾವ ನೀತಿ ಗೆದ್ದರೂ ಸಾದಲಿಯ ಹುಡುಗಿಯ ವಿಷಯ ಇತ್ಯರ್ಥವಾಗದೆ ಉಳಿದೇ ಇದೆ.

ಇಲ್ಲಿ ಒಂದು ಗಂಭೀರ ಆಕ್ಷೇಪವನ್ನು ಎದುರಿಸಬೇಕು. ರೇಷ್ಮೆ ಸಾಕುವವರ ಮಕ್ಕಳಿಗೆ ರೇಷ್ಮೆ, ಕುಂಬಾರರ ಮಕ್ಕಳಿಗೆ ಮಡಕೆ ಎಂದು ಶಾಲೆಯೂ ಹೊರಟರೆ ಜಾತಿಗೆ ಸರ್ಕಾರಿ ಮುದ್ರೆ ಒತ್ತಿದಂತಾಗುತ್ತದೆ ಎಂಬ ಮಾತು. ಇದು ಊಹೆಯ ಭಯವಲ್ಲ, ನಡೆದುಹೋದದ್ದು. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿ ಹಳ್ಳಿಯ ಶಾಲೆಗಳಲ್ಲಿ ಪಾಠದ ಅವಧಿ ಇಳಿಸಿ, ಮಿಕ್ಕ ಹೊತ್ತಿನಲ್ಲಿ ಮಕ್ಕಳು ತಂದೆತಾಯಿಯ ಕಸುಬು ಕಲಿಯಲಿ ಎಂದರು. ಆಗ ದಕ್ಷಿಣ ಕನ್ನಡವೂ ಕಾಸರಗೋಡೂ ಅದೇ ರಾಜ್ಯದಲ್ಲಿದ್ದವು. ಕುಲಕಸುಬಿನ ಶಿಕ್ಷಣ ಎಂದು ಜನ ಅದನ್ನು ಗುರುತಿಸಿ ತಿರುಗಿಬಿದ್ದರು. 1954ರಲ್ಲಿ ರಾಜಾಜಿ ಹುದ್ದೆ ಬಿಟ್ಟರು, ಕಾಮರಾಜರು ಬಂದು ಯೋಜನೆಯನ್ನು ರದ್ದು ಮಾಡಿದರು. ರದ್ದಾದದ್ದು ನ್ಯಾಯವೇ. ಅಪ್ಪನ ಕಸುಬನ್ನು ಅಪ್ಪನಿಂದಲೇ ಕಲಿ ಎಂದು ಹೇಳುವುದಕ್ಕೆ ಶಾಲೆಯೇ ಬೇಕಾಗಿಲ್ಲ.

ರೇಷ್ಮೆಯ ಮಟ್ಟಿಗೆ ಇನ್ನೊಂದು ಕಹಿ ನೆನಪೂ ಇದೆ. ಕರ್ನಾಟಕದ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಮಕ್ಕಳು ಮುಂಗಡ ಸಾಲಕ್ಕೆ ಒತ್ತೆಯಾಗಿ ದುಡಿದ ಕಾಲವಿತ್ತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಒಂದು ವರದಿಯನ್ನೇ ಹೊರಡಿಸಿತು. ಕುದಿನೀರಿನ ಬೇಸಿನ್ನಿನಲ್ಲಿ ಕೈಯಾಡಿಸಿ ಬೆರಳ ತುದಿ ಬೆಂದ ಮಕ್ಕಳನ್ನು ನೋಡಿದವರು ರೇಷ್ಮೆ ನಾಡಿನಲ್ಲಿ ಇನ್ನೂ ಬದುಕಿದ್ದಾರೆ. 2016ರ ತಿದ್ದುಪಡಿಯ ನಂತರ ಹದಿನಾಲ್ಕರ ಕೆಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆಯ ಹೊತ್ತಿನ ಆಚೆ ಮನೆಯ ಕಸುಬಿನಲ್ಲಿ ನೆರವಾಗಲು ವಿನಾಯಿತಿ ಇದೆ. ಆದ್ದರಿಂದ ಶಾಲೆಯ ಕಸುಬಿನ ತರಗತಿಗೆ ಗೆರೆಗಳು ಸ್ಪಷ್ಟವಿರಬೇಕು. ಮಕ್ಕಳು ಮಾಡಿದ್ದನ್ನು ಮಾರಬಾರದು. ಒಂದು ಪ್ರಯೋಗದ ಬೆಳೆ ಸಾಕು, ಎರಡನೆಯದು ಬೇಡ. ಬೇಸಿನ್ನಿಗೆ ಕೈ ಹಾಕುವುದು ದೊಡ್ಡವರು. ಮಕ್ಕಳು ಉದ್ದ ಅಳೆಯಲಿ, ತೂಕ ನೋಡಲಿ, ಎಳೆ ತುಂಡಾದದ್ದನ್ನು ಎಣಿಸಲಿ.

ಜಾತಿಯ ಆಕ್ಷೇಪಕ್ಕೆ ನನ್ನ ಉತ್ತರ ಶಿಡ್ಲಘಟ್ಟದಲ್ಲೇ ಸಿಗುತ್ತದೆ. ಹಳ್ಳಿಯಲ್ಲಿ ಗೂಡು ಬೆಳೆಯುವವರು ಬಹುಪಾಲು ಒಕ್ಕಲು ಮನೆಗಳವರು. ಪಟ್ಟಣದಲ್ಲಿ ನೂಲು ಬಿಚ್ಚುವವರು ಬಹುಪಾಲು ಮುಸ್ಲಿಂ ಕುಟುಂಬಗಳವರು. ಒಬ್ಬರ ಗೂಡಿಲ್ಲದೆ ಇನ್ನೊಬ್ಬರ ಒಲೆ ಹೊತ್ತುವುದಿಲ್ಲ. ಆದರೂ ಸಾದಲಿಯ ಎಷ್ಟೋ ಮಕ್ಕಳು ತಮ್ಮ ಮನೆಯ ಗೂಡು ನೂಲಾಗುವುದನ್ನು ಕಂಡಿಲ್ಲ. ಶಿಡ್ಲಘಟ್ಟದ ರೀಲರ ಮಕ್ಕಳಲ್ಲಿ ಎಷ್ಟೋ ಮಂದಿ ಹುಳು ಸೊಪ್ಪು ತಿನ್ನುವ ಸದ್ದು ಕೇಳಿಲ್ಲ. ಮಾರುಕಟ್ಟೆಯ ಜಗಳದಲ್ಲಿ ಗೂಡು ಕೊಟ್ಟವನಿಗೆ ರೀಲರು ಮೋಸಗಾರ, ಕೊಂಡವನಿಗೆ ರೈತ ಒದ್ದೆ ಗೂಡು ತುಂಬಿದವನು. ಶಾಲೆ ಈ ಎರಡು ಕಡೆಯ ಮಕ್ಕಳನ್ನು ಅದಲುಬದಲು ಮಾಡಲಿ. ಹಳ್ಳಿಯವರು ಒಂದು ವಾರ ನೂಲಿನ ಘಟಕದಲ್ಲಿ ಕೂತು ಡೆನಿಯರ್ ಅಳೆಯಲಿ, ಪಟ್ಟಣದವರು ಒಂದು ವಾರ ಹುಳುಮನೆಯಲ್ಲಿ ಜ್ವರ ಎಣಿಸಲಿ. ಎರಡೂ ಕಡೆಗೆ ತಹಸೀಲ್ದಾರರ ಮಗನೂ ಬರಲಿ, ಪೌರಕಾರ್ಮಿಕರ ಮಗಳೂ ಬರಲಿ. ತನ್ನ ಮನೆಯದಲ್ಲದ ಕಸುಬನ್ನು ಕೈಯಾರೆ ಮಾಡಿದ ಮಗು ಆ ಕಸುಬಿನವರನ್ನು ಮೊದಲಿನ ಕಣ್ಣಿನಿಂದ ನೋಡಲಾರದು. ಜಾತಿ ನಿಂತಿರುವುದೇ ಯಾರ ಕೈಗೆ ಯಾವ ಕೆಲಸ ಎಂಬ ಹಂಚಿಕೆಯ ಮೇಲೆ. ಆ ಹಂಚಿಕೆಯನ್ನು ಹನ್ನೆರಡನೇ ವಯಸ್ಸಿಗೇ ಕಲಸಿಬಿಡುವ ಶಕ್ತಿ ಶಾಲೆಗಲ್ಲದೆ ಬೇರೆ ಯಾರಿಗೂ ಇಲ್ಲ.

ತಂದೆತಾಯಿಯ ವಿರೋಧ ಬೇರೆ ಥರದ್ದು, ಅದಕ್ಕೆ ತಲೆಬಾಗಿಯೇ ಉತ್ತರ ಕೊಡಬೇಕು. “ನಾವು ಹುಳ ಮೇಯ್ಸಿ ಮೇಯ್ಸಿ ಸಾಕಾಗಿದೆ ಸಾರ್, ನಮ್ಮ ಹುಡುಗರಾದ್ರೂ ಫ್ಯಾನಿನ ಕೆಳಗೆ ಕೂತ್ಕೊಳ್ಳಲಿ” ಎನ್ನುತ್ತಾರೆ. ರಾತ್ರಿ ಎರಡಕ್ಕೆ ಎದ್ದು ಸೊಪ್ಪು ಹಾಕಿದವರ ಮಾತು ಇದು. ಕಸುಬಿನ ಘನತೆಯ ಬಗ್ಗೆ ಅವರಿಗೆ ಉಪನ್ಯಾಸ ಮಾಡುವ ಅಧಿಕಾರ ನಮಗಿಲ್ಲ. ಹೇಳಬಹುದಾದ್ದು ಇಷ್ಟೇ: ಈ ತರಗತಿ ನಿಮ್ಮ ಮಗಳನ್ನು ಹುಳುಮನೆಯಲ್ಲಿ ಉಳಿಸಿಕೊಳ್ಳಲು ಅಲ್ಲ. ಅವಳು ಡಾಕ್ಟರಾದರೂ ಆಗಲಿ. ರೋಗದ ಲಕ್ಷಣವನ್ನು ಬರೆದಿಟ್ಟು, ಕಾರಣ ಹುಡುಕಿ, ಅಂದಾಜನ್ನು ಪರೀಕ್ಷೆ ಮಾಡುವ ಅಭ್ಯಾಸ ಅವಳಿಗೆ ಇಲ್ಲೇ ಆಗಲಿ. ಚಿಂತಾಮಣಿ ಬಳಿಯ ಕುರುಬೂರಿನಲ್ಲಿ 1995ರಲ್ಲೇ ಕೃಷಿ ವಿಶ್ವವಿದ್ಯಾಲಯ ರೇಷ್ಮೆ ಕೃಷಿ ಕಾಲೇಜು ತೆರೆಯಿತು. ತೋಟದ ನಡುವೆ ಹುಟ್ಟಿದ ಮಗು ಅಲ್ಲಿಗೆ ಹೋಗುವ ದಾರಿ ವಿಜ್ಞಾನದ ಅಂಕದ ಮೂಲಕ ಹಾಯುತ್ತದೆ, ಆ ಅಂಕ ಬರುವುದು ತೋಟಕ್ಕೆ ಬೆನ್ನು ತಿರುಗಿಸಿ ಓದಿದವರಿಗೆ.

ಮಾಡಿ ತೋರಿಸಿದವರಿದ್ದಾರೆ. 1866ರಷ್ಟು ಹಿಂದೆಯೇ ಫಿನ್ಲೆಂಡು ಕೈಗೆಲಸವನ್ನು ಶಾಲೆಯ ಕಡ್ಡಾಯ ವಿಷಯಗಳ ಸಾಲಿಗೆ ಸೇರಿಸಿತು. ಇವತ್ತಿಗೂ ಅಲ್ಲಿನ ಮಕ್ಕಳು, ಹೆಣ್ಣು ಗಂಡು ಎನ್ನದೆ, ಮರಗೆಲಸ ಹೊಲಿಗೆ ಎರಡನ್ನೂ ಕಲಿಯುತ್ತಾರೆ. ಅಷ್ಟು ದೂರ ಬೇಡವೆಂದರೆ ಪುಣೆ ಜಿಲ್ಲೆಯ ಪಾಬಳ್ ಇದೆ. ಅದೂ ನಮ್ಮ ಹಾಗೆ ಮಳೆ ಕಡಿಮೆಯ ಊರು. ದೊಡ್ಡ ಕಂಪನಿಯ ಸಂಶೋಧನಾಲಯ ಬಿಟ್ಟು ಬಂದ ವಿಜ್ಞಾನಿ ಎಸ್.ಎಸ್. ಕಲಬಾಗ್ 1983ರಲ್ಲಿ ಅಲ್ಲಿ ವಿಜ್ಞಾನ ಆಶ್ರಮ ಕಟ್ಟಿದರು. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ವಾರದಲ್ಲಿ ಒಂದು ದಿನ ಪೂರ್ತಿ ಕೈಗೆಲಸ: ವೆಲ್ಡಿಂಗ್, ವೈರಿಂಗ್, ಗಾರೆ, ಬೇಸಾಯ, ಪಶುಪಾಲನೆ, ಮನೆಯ ಆರೋಗ್ಯ. ಹೇಳಿಕೊಡುವವರಲ್ಲಿ ಊರಿನ ಕಸುಬುದಾರರೂ ಇದ್ದರು. ಊರಿಗೆ ಬೇಕಾದ ಸಣ್ಣಪುಟ್ಟ ಕೆಲಸಗಳೇ ಪಾಠ. ಮಹಾರಾಷ್ಟ್ರದ ಪರೀಕ್ಷಾ ಮಂಡಳಿ ಅದನ್ನು ಪರೀಕ್ಷೆಯ ವಿಷಯವಾಗಿ ಒಪ್ಪಿಕೊಂಡಿತು. ಆ ಒಪ್ಪಿಗೆಯೇ ಮುಖ್ಯ. ಅಂಕವಿಲ್ಲದ ಕೆಲಸವನ್ನು ಮುಖ್ಯೋಪಾಧ್ಯಾಯರು ಎಷ್ಟೇ ಪ್ರೀತಿಯಿಂದ ಶುರು ಮಾಡಿದರೂ ಜನವರಿ ಬಂದಾಗ ಹತ್ತನೇ ತರಗತಿಯ ಫಲಿತಾಂಶದ ಭಯಕ್ಕೆ ನಿಲ್ಲಿಸಲೇಬೇಕಾಗುತ್ತದೆ. ಅವರನ್ನು ದೂರಿ ಫಲವಿಲ್ಲ.

ರೇಷ್ಮೆಯೊಂದೇ ಆಗಬೇಕೆಂದಿಲ್ಲ. ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರು ಸಾಂದ್ರತೆಯ ಪಾಠವನ್ನು ದಿನಕ್ಕೆರಡು ಸಲ ಮಾಡುತ್ತದೆ. ಸುಟ್ಟುಹೋದ ಮೋಟರನ್ನು ಬಿಚ್ಚಿ ವೈಂಡಿಂಗ್ ಮಾಡುವವನ ಅಂಗಡಿಯಲ್ಲಿ ವಿದ್ಯುತ್ಕಾಂತೀಯತೆ ತಾಮ್ರದ ತಂತಿಯಾಗಿ ಕೈಗೆ ಸಿಗುತ್ತದೆ. ಚಿಂತಾಮಣಿಯ ಟೊಮೆಟೊ ಮಂಡಿ ಅರ್ಥಶಾಸ್ತ್ರ ಕಲಿಸಬಲ್ಲದು. ಊರಿನಲ್ಲಿ ಯಾವುದು ಬಲವಾಗಿದೆಯೋ ಅದನ್ನು ಆ ಶಾಲೆ ಹಿಡಿಯಲಿ.

ಇದಕ್ಕೆ ಹೊಸ ಕಾನೂನಾಗಲಿ ಹೊಸ ಕಟ್ಟಡವಾಗಲಿ ಬೇಡ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 80 ಅಂಕ ಲಿಖಿತ, 20 ಅಂಕ ಆಂತರಿಕ ಮೌಲ್ಯಮಾಪನ. ಆ 20 ಅಂಕ ಎಷ್ಟೋ ಕಡೆ ಗೈಡಿನಿಂದ ನಕಲು ಮಾಡಿದ ಪ್ರಾಜೆಕ್ಟಿಗೆ, ಅಂಗಡಿಯಲ್ಲಿ ಸಿಗುವ ಚಾರ್ಟಿಗೆ ಹೋಗುತ್ತಿದೆ. ರೇಷ್ಮೆ ಸೀಮೆಯ ಶಾಲೆಗಳಲ್ಲಿ ಅದನ್ನು ಒಂದು ಬೆಳೆಯ ದಾಖಲೆ ಪುಸ್ತಕಕ್ಕೆ ಕೊಡಲಿ. ಎಳೆಯ ಚಾಕಿ ಹುಳು ತಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಬೆಳಿಗ್ಗೆ ಸಂಜೆ ಉಷ್ಣಾಂಶ, ತೇವಾಂಶ. ಹತ್ತು ಹುಳುವಿನ ತೂಕ. ಪ್ರತಿ ಜ್ವರಕ್ಕೆ ಕೂತ, ಎದ್ದ ಹೊತ್ತು. ಸತ್ತ ಹುಳುವಿನ ಸಂಖ್ಯೆ, ಕಂಡ ಲಕ್ಷಣ. ಕೊನೆಗೆ ಇಪ್ಪತ್ತು ಗೂಡಿನ ಸರಾಸರಿ ತೂಕ, ಎಳೆಯ ಉದ್ದ, ರೆಂಡಿಟ್ಟಾ. ಬೆಳೆ ಕೆಟ್ಟರೆ ಅಂಕ ಕಡಿಮೆ ಮಾಡಬಾರದು. ಏಕೆ ಕೆಟ್ಟಿತೆಂದು ಬರೆದವರಿಗೆ ಹೆಚ್ಚೇ ಕೊಡಬೇಕು. ಹುಳುಮನೆಯ ಕೆಲಸ ಹೇಳಿಕೊಡುವುದು ಊರಿನ ಅನುಭವಿ ಹೆಂಗಸರು, ಏಕೆಂದರೆ ಈ ಕಸುಬಿನ ಬಹುಪಾಲು ಅವರ ಕೈಯಲ್ಲೇ ನಡೆಯುತ್ತಿದೆ. ಅತಿಥಿ ಶಿಕ್ಷಕರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿದ್ದೀರಾ ಎಂದು ಕೇಳಬಾರದು. ದಾಖಲೆ ಪುಸ್ತಕದ ಕೊನೆಯ ಪುಟದಲ್ಲಿ ವಿಜ್ಞಾನದ ಮೇಷ್ಟ್ರ ಸಹಿಯ ಪಕ್ಕದಲ್ಲಿ ಅವರ ಸಹಿಯೂ ಇರಬೇಕು, ಅದಿಲ್ಲದೆ 20 ಅಂಕ ಅಂಕಪಟ್ಟಿಗೆ ಏರಬಾರದು ಎಂಬ ಒಂದು ಸುತ್ತೋಲೆ ಹೊರಡಿಸಲು ಪರೀಕ್ಷಾ ಮಂಡಳಿಗೆ ಒಂದು ದಿನ ಸಾಕು.